ಒಂದು ಮುಚ್ಚಳ ಹರಳೆಣ್ಣೆ

ನಿಟ್ಟೂರಿನ ಹನುಮಂತರಾಜು ಯಾವುದನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದರೆ ಎರಡು ಹನಿ ಅಂಗೈಗೆ ಬಿಟ್ಟುಕೊಂಡು, ಊದಿ, ಮೂಸಿ ನೋಡಿದ ಮೇಲೇ ಟ್ಯಾಂಕು ಮುಚ್ಚುತ್ತಿದ್ದ. ಸೀಲು ಒಡೆಯದ ಡಬ್ಬದಲ್ಲಿ ಬಂದ ಬೇರಿಂಗನ್ನೂ ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕೇಳುತ್ತಿದ್ದ. ಸಾರಿಗೆ ಉಪ್ಪು ಹಾಕಿದೀನಿ ಅಂತ ಹೆಂಡತಿ ವನಜಮ್ಮ ಆಣೆ ಮಾಡಿದರೂ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಇಟ್ಟುಕೊಂಡೇ ಊಟಕ್ಕೆ ಕೂರುವವನು. ಇಂಥವನಿಗೆ ಟೂ ಸ್ಟ್ರೋಕ್ ಇಂಜಿನ್ನುಗಳ ಕಸುಬು ಹೇಳಿ ಮಾಡಿಸಿದ ಹಾಗಿತ್ತು. ಮೊದಲೆಲ್ಲ ಬೈಕುಗಳು ಬರುತ್ತಿದ್ದವು. ಈಗೀಗ ಕಳೆ ಕೊಚ್ಚುವ ಮೆಷಿನ್ನು, ಔಷಧಿ ಹೊಡೆಯುವ ಮೆಷಿನ್ನು ಹೊತ್ತುಕೊಂಡು ಬರುವವರೇ ಹೆಚ್ಚು. ಬಂದವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: "ಹೊಗೆ ಕಾಣ್ತಿರ್ಬೇಕು ಕಣಪ್ಪ. ಹೊಗೆ ನಿಂತ್ರೆ ಇಂಜಿನ್ ಆಫ್ ಮಾಡ್ಬುಡು."

ಆ ಮಾತಿಗೆ ಕಾರಣ ಜುಂಜಪ್ಪನ ಕಾಲು. ಟೂ ಸ್ಟ್ರೋಕ್ ಇಂಜಿನ್ನಿನ ಹೊಟ್ಟೆಯಲ್ಲಿ ಬೇರೆ ಆಯಿಲ್ ಇರುವುದಿಲ್ಲ. ಪೆಟ್ರೋಲಿನ ಜೊತೆ ಬೆರೆತು ಹೋಗುವ ಆಯಿಲೇ ಅದರ ಬೇರಿಂಗಿಗೆ ಜೀವ. ಕೆಲವು ಬೈಕುಗಳಲ್ಲಿ ಆ ಆಯಿಲನ್ನು ಇಳಿಸುವುದಕ್ಕೆ ಒಂದು ಪುಟ್ಟ ಪಂಪು ಇರುತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ ಗೆಳೆಯ ಜುಂಜಪ್ಪನ ಬೈಕಿನ ಪಂಪನ್ನು ಹನುಮಂತರಾಜುವೇ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದ್ದ. ಸ್ಟಾರ್ಟ್ ಮಾಡಿದರೆ ಹೊಗೆಯೇ ಇಲ್ಲ. "ಭಲೇ, ಏನ್ ಕೈಲಾ ನಿಂದು!" ಅಂತ ಜುಂಜಪ್ಪ ಬೆನ್ನು ತಟ್ಟಿದ, ಇವನೂ ಉಬ್ಬಿಹೋದ. ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡು ಒಂದು ಹನಿ ಆಯಿಲೂ ಇಳಿಯುತ್ತಿಲ್ಲ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಕುಣಿಗಲ್ ಕೆರೆ ಏರಿಯ ಮೇಲೆ ಇಂಜಿನ್ ಗಪ್ಪನೆ ಹಿಡಿದುಕೊಂಡಿತು. ಹಿಂದಿನ ಚಕ್ರ ತಿರುಗದೆ ನಿಂತು, ಜುಂಜಪ್ಪ ಹಾರಿ ಕಲ್ಲಿನ ಮೇಲೆ ಬಿದ್ದ. ಅವನ ಎಡಗಾಲು ಇವತ್ತಿಗೂ ಎರಡು ಅಂಗುಲ ಗಿಡ್ಡ. ಒಂದು ದಿನವಾದರೂ ಅವನು ಗೆಳೆಯನನ್ನು ಬೈದವನಲ್ಲ. ಬೈದಿದ್ದರೆ ಹನುಮಂತರಾಜುವಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತಿನಿಂದ ಅಂಗಡಿಗೆ ಬಂದ ಪ್ರತಿ ಬೈಕಿನ ಆಯಿಲ್ ಪಂಪನ್ನೂ ಅವನು ಕಿತ್ತು ಗುಜರಿಗೆ ಎಸೆದ. ಆಯಿಲನ್ನು ಕೈಯಾರೆ ಟ್ಯಾಂಕಿಗೇ ಸುರಿ, ಕಣ್ಣಾರೆ ನೋಡು, ನಿಶ್ಚಿಂತೆಯಿಂದಿರು ಅನ್ನುವುದು ಅವನ ಶಾಸ್ತ್ರ. ಅಂಗಡಿಯಲ್ಲಿ ಸಿಗುವ ನೀಲಿ ಆಯಿಲಿನ ಮೇಲೂ ಅವನಿಗೆ ಪೂರ್ತಿ ನಂಬಿಕೆಯಿರಲಿಲ್ಲ. ಗುಬ್ಬಿಯ ಗಾಣದಿಂದ ಹರಳೆಣ್ಣೆ ತಂದು, ಬಣ್ಣವಿಲ್ಲದ ಆಯಿಲಿಗೆ ಬೆರೆಸಿ, ಜೇನಿನ ಬಣ್ಣದ ತನ್ನದೇ ಮಿಶ್ರಣ ಮಾಡಿಟ್ಟುಕೊಂಡಿದ್ದ. ಲೀಟರಿಗೆ ಒಂದು ಮುಚ್ಚಳ. ಅದು ಸುಟ್ಟ ವಾಸನೆ ಎಲ್ಲಿ ಬಂದರೂ, ಇದು ಹನುಮಂತರಾಜು ಕೈಯ ಗಾಡಿ ಅಂತ ಜನ ಹೇಳುತ್ತಿದ್ದರು. ಮನೆಗೂ ಆ ವಾಸನೆ ಅಂಟಿತ್ತು. ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ, ಬಂದ ನೆಂಟರಿಗೆ ಗೊತ್ತಾಗುತ್ತಿತ್ತು.

ಇಂಥ ಮನೆಗೆ ಒಂದೂವರೆ ವರ್ಷದ ಹಿಂದೆ ಸೊಸೆಯಾಗಿ ಬಂದವಳು ಕೃತಿಕಾ. ಕುಣಿಗಲ್ ಕಡೆಯ ಹುಡುಗಿ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ಮಗ ಕಾಂತರಾಜು ರೈಲ್ವೆಯಲ್ಲಿದ್ದು, ಅರಸೀಕೆರೆ ಡ್ಯೂಟಿ ಮುಗಿಸಿ ವಾರಕ್ಕೆ ಎರಡು ದಿನ ಮನೆಗೆ ಬರುತ್ತಿದ್ದ. ಕೃತಿಕಾ ವಸಂತನರಸಾಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಳು. ಒಟ್ಟು ಏಳು ಜನರ ಆ ಜಾಗದಲ್ಲಿ ಅವಳೂ ಸಿದ್ಧಾರ್ಥ್ ಅನ್ನುವ ಇನ್ನೊಬ್ಬ ಇಂಜಿನಿಯರೂ ಸೇರಿ, ಟೂ ಸ್ಟ್ರೋಕ್ ಇಂಜಿನ್ನುಗಳಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಒಂದು ಕಿಟ್ ಮಾಡುತ್ತಿದ್ದರು. ಮುಂದೆ ಕಳೆ ಮೆಷಿನ್ನಿಗೂ ಔಷಧಿ ಮೆಷಿನ್ನಿಗೂ ಅದನ್ನು ಹಾಕುವ ಯೋಚನೆ. ಅದಕ್ಕೆ ಮೊದಲು ಹನ್ನೆರಡು ವಾರ ಒಂದು ಬೈಕಿಗೆ ಕೂರಿಸಿ ರಸ್ತೆಯಲ್ಲಿ ಓಡಿಸಿ ನೋಡಬೇಕಿತ್ತು. ಶೆಡ್ಡಿನಲ್ಲಿದ್ದ ಹನುಮಂತರಾಜುವಿನ ಹಳೆಯ ಬೈಕನ್ನು ಅವಳು ಕೇಳಿದಳು. ಸೊಸೆ ಬಾಯಿಬಿಟ್ಟು ಕೇಳಿದ ಮೊದಲ ವಸ್ತು. ಕೊಟ್ಟುಬಿಟ್ಟ.

ಕೊಟ್ಟಿದ್ದನ್ನೂ ನೇರವಾಗಿ ಹೇಳಲಿಲ್ಲ ಅನ್ನಿ. ಆ ಮನೆಯಲ್ಲಿ ಮಾವ ಸೊಸೆಗೆ ಮುಖ ಕೊಟ್ಟು ಮಾತಾಡುವ ಪದ್ಧತಿಯಿರಲಿಲ್ಲ. ಕೃತಿಕಾ "ಮಾವ" ಅಂತ ಎದುರಿಗೇ ಕರೆಯುತ್ತಿದ್ದಳು, ಹನುಮಂತರಾಜು ಗೋಡೆ ನೋಡಿಕೊಂಡು ವನಜಮ್ಮನಿಗೆ ಉತ್ತರ ಹೇಳುತ್ತಿದ್ದ. ಒಂದು ಸಲ ಅಡುಗೆಮನೆಯಲ್ಲಿ ಅತ್ತೆಗೆ ಅವಳು ತನ್ನ ಕೆಲಸ ವಿವರಿಸುತ್ತಿದ್ದಳು.

"ಎಲೆ ಹಾಕೋಕೆ ಮುಂಚೇನೇ ಬಡಿಸಿದ್ರೆ ಏನಾಗುತ್ತೆ ಅತ್ತೆ?"

"ನೆಲದ ಪಾಲು."

"ಹಳೇ ಇಂಜಿನ್ ಮಾಡೋದು ಅದನ್ನೇ. ಹೊಗೆ ಹೋಗೋ ಬಾಗ್ಲು ತೆಗೆದಿರುವಾಗ್ಲೇ ಪೆಟ್ರೋಲ್ ಒಳಗೆ ಬರುತ್ತೆ. ಎಷ್ಟೋ ಪೆಟ್ರೋಲ್ ಉರಿಯದೇ ಆಚೆ ಹೋಗಿಬಿಡುತ್ತೆ. ನಾವು ಬಾಗ್ಲು ಮುಚ್ಚೋವರೆಗೂ ಕಾದು, ಆಮೇಲೆ ಮೇಲಿಂದ ನಾಜಲ್‌ನಲ್ಲಿ ಚಿಮ್ಮಿಸ್ತೀವಿ. ಕೆಳಗಡೆ ಬರೀ ಗಾಳಿ ಹೋಗುತ್ತೆ. ಪೆಟ್ರೋಲ್ ಉಳಿಯುತ್ತೆ, ಹೊಗೇನೂ ಇರಲ್ಲ."

ಹಾಲಿನಲ್ಲಿದ್ದ ಹನುಮಂತರಾಜು ಪೇಪರು ಕೆಳಗಿಟ್ಟ. "ಕೇಳೇ, ಕೆಳಗೆ ಬರೀ ಗಾಳಿ ಹೋದ್ರೆ ಬೇರಿಂಗ್‌ಗೆ ಆಯಿಲ್ ಎಲ್ಲಿಂದ ಬರುತ್ತಂತೆ?"

"ಅದಕ್ಕೆ ಬೇರೆ ಪಂಪ್ ಇದೆ ಮಾವ," ಅಂದಳು ಕೃತಿಕಾ ಒಳಗಿನಿಂದಲೇ. "ಎಷ್ಟು ಬೇಕೋ ಅಷ್ಟೇ, ಹನಿಹನಿಯಾಗಿ ಬಿಡುತ್ತೆ."

ಪಂಪು ಅಂದ ಕೂಡಲೇ ಅವನಿಗೆ ಜುಂಜಪ್ಪನ ಕಾಲು ನೆನಪಾಯಿತು. ಹೊಗೆಯಿಲ್ಲ, ಪಂಪು ಇದೆ, ಮೇಲಾಗಿ ಅದೇ ಕುಣಿಗಲ್ ರಸ್ತೆ. ಪ್ರತಿ ಶನಿವಾರ ಅವಳು ನಿಟ್ಟೂರಿನಿಂದ ಗುಬ್ಬಿ, ತುಮಕೂರು, ಹೆಬ್ಬೂರು ದಾಟಿ ಕುಣಿಗಲ್‌ವರೆಗೆ ಹೋಗಿ ಬರಬೇಕಂತೆ. ಬೇಡ ಅನ್ನುವುದಕ್ಕೆ ಬಾಯಿಲ್ಲ. ಓದಿದ ಹುಡುಗಿಗೆ ಹೇಳಿದರೆ, ಈ ಮುದುಕನಿಗೇನು ಗೊತ್ತು ಅಂದುಕೊಂಡಾಳು ಅನ್ನುವುದೂ ಒಳಗೊಳಗೇ ಇತ್ತು. ವನಜಮ್ಮನ ಬಾಯಿಂದ ಹೇಳಿಸಿದರೆ ಅದು ಬೇರೇನೋ ಆಗಿ ತಲುಪುತ್ತದೆ ಅನ್ನುವುದಂತೂ ಖಾತ್ರಿ.

ಹಾಗಾಗಿ ಅವನು ತನಗೆ ಗೊತ್ತಿದ್ದ ದಾರಿ ಹಿಡಿದ. ಮೊದಲ ಶನಿವಾರ ಬೆಳಿಗ್ಗೆ ಕೃತಿಕಾ ತಿಂಡಿಗೆ ಕೂತಾಗ ಬಟ್ಟೆ ಹಿಡಿದು ಬೈಕು ಒರೆಸುವ ನೆಪದಲ್ಲಿ ಹೊರಗೆ ಹೋದ. ಟ್ಯಾಂಕು ತೆಗೆದು, ಅವಳು ಹಿಂದಿನ ದಿನ ತುಂಬಿಸಿ ತಂದಿದ್ದ ಪೆಟ್ರೋಲಿಗೆ ತನ್ನ ಮಿಶ್ರಣವನ್ನು ಲೀಟರಿಗೊಂದು ಮುಚ್ಚಳದ ಹಾಗೆ ಅಳೆದು ಸುರಿದ. ಅವಳ ಪಂಪು ಕೈಕೊಟ್ಟರೆ ತನ್ನ ಎಣ್ಣೆಯಾದರೂ ಕಾಯಲಿ. ಆ ಸಂಜೆ ಅವಳು ಕ್ಷೇಮವಾಗಿ ವಾಪಸು ಬಂದಾಗ, ಕಾದದ್ದು ತನ್ನ ಎಣ್ಣೆಯೇ ಅಂತ ಅವನಿಗೆ ಖಚಿತವಾಯಿತು.

ಹಾಗೇ ವಾರಗಳು ಉರುಳಿದವು, ಕಿಟ್ಟು ಕೆಡುತ್ತಾ ಬಂತು. ಶುಕ್ರವಾರ ಸಿದ್ಧಾರ್ಥ್ ಹೊಸದಾಗಿ ತೊಳೆದ ನಾಜಲ್ ಕೂರಿಸಿ ಕಳಿಸಿದರೆ, ಸೋಮವಾರದ ಹೊತ್ತಿಗೆ ಅದರ ಬಾಯಿ ಕಟ್ಟಿಕೊಂಡಿರುತ್ತಿತ್ತು. ವರ್ಕ್‌ಶಾಪಿನೊಳಗೆ ಓಡಿಸಿದಾಗ ಏನೂ ತೊಂದರೆಯಿಲ್ಲ. ಶನಿವಾರದ ಓಟವಾದರೆ ಸಾಕು, ಬೈಕು ಎಳೆಯುವುದಿಲ್ಲ, ಕೆಮ್ಮುತ್ತದೆ, ಹೊಗೆಯ ಟೆಸ್ಟಿನಲ್ಲಿ ನಪಾಸು. ಹನ್ನೆರಡು ವಾರದ ಫಲ ಹೀಗೇ ಬಂದರೆ ಮಾಲೀಕರು ಈ ಕೆಲಸವನ್ನೇ ಮುಚ್ಚಿ ಬೇರೆ ಬಿಡಿಭಾಗ ಮಾಡುವುದಕ್ಕೆ ಇಳಿಯುತ್ತಾರೆ ಅಂತ ಕೃತಿಕಾ ಅತ್ತೆಯ ಹತ್ತಿರ ಹೇಳಿಕೊಂಡಳು. ಮುಚ್ಚಿದರೆ ಅವಳಿಗೆ ಅಲ್ಲಿ ಕೆಲಸವಿಲ್ಲ.

ತನ್ನ ಎಣ್ಣೆಯ ಮೇಲೆ ಹನುಮಂತರಾಜುವಿಗೆ ಅನುಮಾನ ಬರಲಿಲ್ಲವೇ? ಜಗತ್ತಿನಲ್ಲಿ ಅವನು ಅನುಮಾನಿಸದ ವಸ್ತು ಅದೊಂದೇ. ಇಷ್ಟು ವರ್ಷದಲ್ಲಿ ಅದು ಒಂದು ಇಂಜಿನ್ನನ್ನೂ ಕೆಡಿಸಿದ್ದಿಲ್ಲ. ನಾಜಲ್ಲೇ ಕಳಪೆ ಅಂದುಕೊಂಡ. ಅಷ್ಟರಲ್ಲಿ ಒಂದು ಭಾನುವಾರ ಸಿದ್ಧಾರ್ಥ್ ಬೈಕು ನೋಡುವುದಕ್ಕೆ ನಿಟ್ಟೂರಿಗೇ ಬಂದ. ಮಾತು ಕಡಿಮೆ, ಕನ್ನಡಕದ ಹುಡುಗ. ಕೊಟ್ಟ ಕಾಫಿ ಪಕ್ಕಕ್ಕಿಟ್ಟು ನೇರವಾಗಿ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಆಮೇಲೆ ಮನೆಗೆ ಅಂಟಿದ್ದ ಅಂಗಡಿಯಲ್ಲಿ ಮಿಶ್ರಣವಿಟ್ಟಿದ್ದ ಕಪಾಟಿನ ಕಡೆ ಒಂದು ಗಳಿಗೆ ನೋಡಿದ. ತನ್ನ ಅಂಗಳದಲ್ಲಿ ಇನ್ನೊಬ್ಬ ಮೂಸಿ ನೋಡುವುದು ಹನುಮಂತರಾಜುವಿಗೆ ಚೂರೂ ಹಿಡಿಸಲಿಲ್ಲ.

"ಆ ಹುಡ್ಗ ಸರಿ ಇಲ್ಲ ಕಣೇ," ಅಂದ ವನಜಮ್ಮನಿಗೆ, ಅವನು ಹೋದ ಮೇಲೆ. "ಪ್ರತಿ ಶುಕ್ರವಾರ ನಾಜಲ್ ಕೂರ್ಸೋನು ಅವ್ನೇ ತಾನೆ? ಒಂದ್ ಕಣ್ಣಿಟ್ಟಿರು ಅಂತ ಹೇಳು ಅವ್ಳಿಗೆ."

ವನಜಮ್ಮ ಹೇಳಿದಳು. ಬೇರೆ ವಿಷಯವಾಗಿದ್ದರೆ ಕೃತಿಕಾ ನಕ್ಕು ಸುಮ್ಮನಾಗುತ್ತಿದ್ದಳೇನೋ. ಆದರೆ ಸಿದ್ಧಾರ್ಥ್ ಹೊಸೂರಿನ ದೊಡ್ಡ ಕಂಪನಿಯೊಂದಕ್ಕೆ ಇಂಟರ್‌ವ್ಯೂ ಕೊಟ್ಟು ಬಂದ ಸುದ್ದಿ ಅದೇ ವಾರ ಅವಳ ಕಿವಿಗೆ ಬಿದ್ದಿತ್ತು. ಇಲ್ಲಿ ಸೋತಿತು ಅಂತ ಮಾಡಿ, ಡ್ರಾಯಿಂಗನ್ನು ಅಲ್ಲಿಗೆ ಹೊತ್ತುಕೊಂಡು ಹೋಗುತ್ತಾನಾ? ಒಮ್ಮೆ ಹುಟ್ಟಿದ ಅನುಮಾನಕ್ಕೆ ದಿನಾ ಹೊಸ ಸಾಕ್ಷಿ ಸಿಗುತ್ತಲೇ ಹೋಯಿತು. ಅವನು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದ್ದು, ಊಟಕ್ಕೆ ಒಬ್ಬನೇ ಹೋಗಿದ್ದು, ಎಲ್ಲವೂ ಲೆಕ್ಕಕ್ಕೆ ಬಂತು. ಹನುಮಂತರಾಜು ಹಾಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡು, ತಾನು ಮೊದಲೇ ಹೇಳಲಿಲ್ಲವೇ ಅಂತ ತಲೆಯಾಡಿಸುತ್ತಿದ್ದ. ನಾಚಿಕೆಯಿಲ್ಲದ ಸಮಾಧಾನ ಅದು.

ಹನ್ನೊಂದನೆಯ ಓಟ ಮುಗಿದ ಮಾರನೆಯ ದಿನ, ಭಾನುವಾರ ಮಧ್ಯಾಹ್ನ, ಕೃತಿಕಾ ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದಳು. ಬೈಕು ಹೆಬ್ಬೂರಿನ ಹತ್ತಿರ ಎರಡು ಸಲ ನಿಂತುಹೋಗಿ, ಅವಳೇ ನಾಜಲ್ ಬಿಚ್ಚಿ ಇನ್ನೊಂದನ್ನು ಹಾಕಿಕೊಂಡು ಬಂದಿದ್ದಳು. ಬಿಚ್ಚಿದ ನಾಜಲ್ಲನ್ನು ಸಣ್ಣ ಡಬ್ಬಿಯಲ್ಲಿಟ್ಟು ಹಾಲಿನ ಟೀವಿಯ ಪಕ್ಕ ಇಟ್ಟಿದ್ದಳು.

"ಈ ವಾರ ಏನಾಯ್ತು ಗೊತ್ತಾ ಅತ್ತೆ? ಹೋದ ವಾರದ ನಾಜಲ್ ಮೂಸಿ ನೋಡಿ ಸಿದ್ಧಾರ್ಥ್ ಅಂತಾನೆ, ಇದು ನಿಮ್ಮನೆ ವಾಸನೆ ಅಂತ. ನಿಮ್ಮ ಮಾವ ಪೆಟ್ರೋಲಿಗೆ ಏನೋ ಬೆರೆಸ್ತಿದ್ದಾರೆ, ಕೇಳಿ ನೋಡಿ ಅಂದ."

"ಅಯ್ಯೋ! ನೀನೇನಂದೆ?"

"ಬಾಯಿಗೆ ಬಂದಂಗೆ ಬೈದೆ. ನಮ್ಮ ಮಾವ ನನ್ನ ಹತ್ರ ಒಂದು ಮಾತು ಆಡ್ದಿದ್ರೂ, ವಾರವಾರ ಅವ್ರೇ ಬೈಕು ಒರೆಸಿ ನಿಲ್ಲಿಸ್ತಾರೆ, ನಾನು ವಾಪಸ್ ಬರೋವರೆಗೂ ಗೇಟ್ ಹತ್ರಾನೇ ಕೂತಿರ್ತಾರೆ, ಅಂಥೋರ ಮೇಲೆ ಹಾಕ್ತೀಯಲ್ಲ ನಾಚಿಕೆ ಆಗಲ್ವಾ ಅಂದೆ. ನಾಳೆ ನಮ್ಮ ಓನರ್ ಸಾರ್‌ಗೆ ಹೇಳಿಬಿಡ್ತೀನಿ ಅತ್ತೆ. ಅವ್ನು ನಾಜಲ್ ಕೆಡಿಸ್ತಿದ್ದಾನೆ ಅಂತ ಹೇಳ್ತೀನಿ. ಇಲ್ಲ ಅವ್ನಿರ್ಬೇಕು, ಇಲ್ಲ ನಾನಿರ್ಬೇಕು."

ಹನುಮಂತರಾಜು ಪೇಪರು ಹಿಡಿದುಕೊಂಡೇ ಇದ್ದ. ಒಂದು ಅಕ್ಷರವೂ ಕಾಣಲಿಲ್ಲ. ಅವನನ್ನು ಯಾರಾದರೂ ಹೀಗೆ ವಹಿಸಿಕೊಂಡು ಮಾತಾಡಿ ಎಷ್ಟು ಕಾಲವಾಗಿತ್ತೋ. ಮೆಲ್ಲಗೆ ಎದ್ದು ಟೀವಿಯ ಹತ್ತಿರ ಹೋದ, ಡಬ್ಬಿ ತೆಗೆದ. ನಾಜಲ್ಲಿನ ತುದಿಯಲ್ಲಿ ಸೀದ ಪಾಕದಂತೆ ಕಪ್ಪಗೆ ಏನೋ ಅಂಟಿತ್ತು. ಮೂಗಿನ ಹತ್ತಿರ ಹಿಡಿದ. ಗುಬ್ಬಿ ಗಾಣದ ಹರಳೆಣ್ಣೆ. ಬೇರೆ ಯಾರು ಏನೇ ಹೇಳಲಿ, ಅವನ ಮೂಗು ಅವನಿಗೆ ಸುಳ್ಳು ಹೇಳುವಂತಿರಲಿಲ್ಲ.

ಹಾಗಂತ ಅಷ್ಟಕ್ಕೇ ಸೋಲುವ ಜೀವವೇ ಅದು? ಶೆಡ್ಡಿಗೆ ನಡೆಯುವಷ್ಟರಲ್ಲಿ ಅವನೊಳಗೆ ಇನ್ನೊಂದು ವಾದ ಎದ್ದಿತು. ನಾಜಲ್ಲು ಕಟ್ಟಿದ್ದರೆ ಕಟ್ಟಲಿ, ಒಂದು ನಾಜಲ್ಲು ಹೋದರೆ ಇನ್ನೊಂದು ಬರುತ್ತದೆ. ಅವಳ ಪಂಪು ಕೆಲಸ ಮಾಡದೆ, ಬೇರಿಂಗು ತನ್ನ ಎಣ್ಣೆಯಿಂದಲೇ ಉಳಿದಿದ್ದರೆ? ಆಗ ತಪ್ಪು ತನ್ನದಲ್ಲ, ಹುಡುಗಿಯ ಜೀವ ಉಳಿಸಿದವನೇ ತಾನು. ಹಾಗೇ ಆಗಿರಲಿ ಅಂತ ಅವನು ಮನಸಾರೆ ಆಸೆಪಟ್ಟ.

ಗಾಳಿ ಹೋಗುವ ಬಾಯಿಯ ಎರಡು ಬೋಲ್ಟು ಬಿಚ್ಚಿ, ಟಾರ್ಚು ಬಿಟ್ಟು ಇಂಜಿನ್ನಿನ ಹೊಟ್ಟೆಯೊಳಗೆ ಇಣುಕಿದ. ಬೇರಿಂಗು ಮಿರಮಿರ ಮಿಂಚುತ್ತಿತ್ತು. ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಆಡಿಸಿ ಹೊರಗೆಳೆದ. ಬಟ್ಟೆ ನೀಲಿಯಾಗಿತ್ತು. ಕೃತಿಕಾ ತನ್ನ ಪಂಪಿಗೆ ಹಾಕುವ ಆಯಿಲಿನ ನೀಲಿ, ಬರೀ ನೀಲಿ. ಜೇನಿನ ಬಣ್ಣ ಎಳ್ಳಷ್ಟೂ ಇಲ್ಲ, ಹರಳೆಣ್ಣೆಯ ವಾಸನೆಯೂ ಇಲ್ಲ. ಎರಡನೆಯ ಬಟ್ಟೆ ಸುತ್ತಿ ನೋಡಿದ, ಮೂರನೆಯದನ್ನೂ ಸುತ್ತಿದ. ಮೇಲಿಂದ ಚಿಮ್ಮಿದ ಪೆಟ್ರೋಲ್ ಮೇಲೆಯೇ ಉರಿದುಹೋಗುತ್ತದೆ, ಕೆಳಗೆ ಬರೀ ಗಾಳಿ ಹೋಗುತ್ತದೆ ಅಂತ ಅವಳು ಮೊದಲೇ ಹೇಳಿದ್ದಳು. ಹನ್ನೊಂದು ವಾರ ಅವನು ಅಳೆದಳೆದು ಸುರಿದ ಎಣ್ಣೆಯ ಒಂದು ಹನಿಯೂ ಆ ಬೇರಿಂಗಿನವರೆಗೆ ಹೋಗಿರಲಿಲ್ಲ. ಸೊಸೆಯನ್ನು ಕುಣಿಗಲ್‌ವರೆಗೆ ಕರೆದೊಯ್ದು ಕರೆತಂದದ್ದು ಅವಳ ಪಂಪು. ಅವನು ಮಾಡಿದ್ದೆಲ್ಲ ನಾಜಲ್ಲಿನ ಬಾಯಿ ಕಟ್ಟಿದ್ದು.

"ಮಾವ, ಕಾಫಿ," ಅನ್ನುತ್ತಾ ಬಂದ ಕೃತಿಕಾ ಬಾಗಿಲಲ್ಲೇ ನಿಂತಳು. ಬೈಕು ಬಿಚ್ಚಿಕೊಂಡಿತ್ತು. ನೆಲದ ಮೇಲೆ ನೀಲಿಯಾದ ಬಟ್ಟೆ ಚೂರುಗಳಿದ್ದವು. ಪಕ್ಕದಲ್ಲೇ ಜೇನಿನ ಬಣ್ಣದ ಬಾಟಲಿಯೂ ಇತ್ತು.

"ಬೇರಿಂಗ್ ಒಣಗಿಲ್ಲ ಕಣಮ್ಮ," ಅಂದ ಹನುಮಂತರಾಜು. ಒಂದೂವರೆ ವರ್ಷದಲ್ಲಿ ಅವಳ ಮುಖ ನೋಡಿ ಆಡಿದ ಮೊದಲ ಮಾತು. "ನಿನ್ ಪಂಪು ಚೆನ್ನಾಗೈತೆ. ಎಣ್ಣೆ ಹಾಕ್ತಿದ್ದೋನು ನಾನು. ಆ ಹುಡ್ಗ ಅಲ್ಲ."

ಕೃತಿಕಾ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಯಾವತ್ತಿಂದ?"

"ಮೊದಲ್ನೇ ವಾರದಿಂದ."

"ಅವನ ಮೇಲೆ ಕಣ್ಣಿಟ್ಟಿರು ಅಂತ ಹೇಳಿಸಿದ್ದೂ ನೀವೇ ಅಲ್ವಾ ಮಾವ?"

"ಹೂಂ."

"ಯಾಕೆ? ನಾನು ಕೆಲಸಕ್ಕೆ ಹೋಗೋದು ನಿಮಗೆ ಇಷ್ಟ ಇರ್ಲಿಲ್ವಾ?"

ಆ ಪ್ರಶ್ನೆ ಬರಬಹುದು ಅಂತ ಅವನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕಡ್ಡಿ ಕೆಳಗಿಟ್ಟು ಎದ್ದು ನಿಂತ. "ಅಯ್ಯೋ, ಇಲ್ಲ ಕಣಮ್ಮ. ದೇವ್ರಾಣೆ ಇಲ್ಲ. ಜುಂಜಪ್ಪನ ಕಾಲು... ಆವತ್ತೂ ಹೊಗೆ ಬಂದಿರ್ಲಿಲ್ಲ. ನಿಂಗೂ ಹಂಗೇ ಆಗ್ಬುಟ್ರೆ ಅಂತ..."

"ಜುಂಜಪ್ಪನವರ ಕಥೆ ಅತ್ತೆ ಹೇಳಿದ್ದಾರೆ. ಭಯ ಇದ್ರೆ ನನಗೆ ಹೇಳ್ಬೇಕಿತ್ತು ಮಾವ. ಈಗ ನೀವು ನೋಡಿದ್ರಲ್ಲ, ಹಿಂಗೇ ಬಿಚ್ಚಿ ತೋರಿಸ್ತಿದ್ದೆ. ಹತ್ತು ನಿಮಿಷದ ಕೆಲಸ."

ಅವಳು ಕೂಗಾಡಲಿಲ್ಲ. ಮೊಬೈಲ್ ತೆಗೆದು ಸಿದ್ಧಾರ್ಥ್ ನಂಬರಿಗೆ ಹಚ್ಚಿ, ಸ್ಪೀಕರಿಗೆ ಹಾಕಿ, ಮಾವನ ಮುಂದೆ ಹಿಡಿದಳು. "ನೀವೇ ಹೇಳಿ."

ಹನುಮಂತರಾಜು ಹೇಳಿದ. ಎಷ್ಟು ಹಾಕಿದ, ಯಾವಾಗ ಹಾಕಿದ, ಅದರಲ್ಲಿ ಏನು ಬೆರೆಸಿದ್ದ, ಒಂದನ್ನೂ ಬಿಡಲಿಲ್ಲ. ಆ ಕಡೆಯಿಂದ ಸಿದ್ಧಾರ್ಥ್, "ಹರಳೆಣ್ಣೇನಾ ಸರ್? ಹಂಗಾದ್ರೆ ನಮ್ಮ ನಾಜಲ್ ಸರಿ ಇದೆ!" ಅಂತ ನಕ್ಕೇಬಿಟ್ಟ. ಬೈಗುಳಕ್ಕೆ ಸಿದ್ಧನಾಗಿದ್ದ ಹನುಮಂತರಾಜುವಿಗೆ ಆ ನಗು ಇನ್ನೂ ಕಷ್ಟವಾಯಿತು. ಕೃತಿಕಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು, "ಸಾರಿ ಸಿದ್ಧಾರ್ಥ್. ಮೊನ್ನೆ ತುಂಬಾ ಮಾತಾಡಿಬಿಟ್ಟೆ," ಅನ್ನುತ್ತಾ ಹೊರಗೆ ಹೋದಳು. ಕಾಫಿ ಅಲ್ಲೇ ಆರಿತು.

ಸೋಮವಾರ ಮಾಲೀಕರು ಎಲ್ಲ ಕೇಳಿ, ಹನ್ನೆರಡು ವಾರವನ್ನು ಮೊದಲಿನಿಂದ ಓಡಿಸಿ ಅಂದರಂತೆ. ಸಿದ್ಧಾರ್ಥ್ ಹೊಸೂರಿಗೆ ಹೋಗುವುದು ಟೆಸ್ಟು ಮುಗಿದ ಮೇಲೆ ಅಂತಾಯಿತು. ಇದನ್ನೆಲ್ಲ ಕೃತಿಕಾ ಮಾವನಿಗೆ ನೇರವಾಗಿಯೇ ಹೇಳಿದಳು. ಅವನೂ ಗೋಡೆ ನೋಡದೆ ಕೇಳಿದ. ಆ ವಾರವೆಲ್ಲ ಇಬ್ಬರೂ ಎದುರುಬದುರು ಮಾತಾಡಿದ್ದನ್ನು ಕಂಡು ವನಜಮ್ಮನಿಗೇ ಆಶ್ಚರ್ಯ. ಹನುಮಂತರಾಜು ಕಪಾಟಿನ ಮಿಶ್ರಣವನ್ನು ಚೆಲ್ಲಲಿಲ್ಲ, ಹಳೆಯ ಮೆಷಿನ್ನುಗಳಿಗೆ ಅದು ಬೇಕೇ ಬೇಕಿತ್ತು. ಆದರೆ ಬಂದವರಿಗೆ ಹೊಗೆಯ ಮಾತು ಹೇಳುವಾಗ ಒಂದೊಂದು ಸಲ ನಡುವೆಯೇ ನಿಲ್ಲಿಸಿಬಿಡುತ್ತಿದ್ದ.

ಶನಿವಾರ ಬೆಳಿಗ್ಗೆ ಅವನು ಎಂದಿನಂತೆ ಬಟ್ಟೆ ಹಿಡಿದು ಬೈಕಿನ ಹತ್ತಿರ ಹೋದ. ಸೀಟು ಒರೆಸಿದ, ಹ್ಯಾಂಡಲ್ ಒರೆಸಿದ. ಟ್ಯಾಂಕಿನ ಮೇಲೆ ಕೈ ಹೋದಾಗ ನಿಂತ. ಮುಚ್ಚಳದ ಮೇಲೆ ಸ್ಟೀಲಿನ ಪಟ್ಟಿ ಬಿಗಿದು, ಅದಕ್ಕೊಂದು ಹೊಸ ಬೀಗ ಹಾಕಿದ್ದರು.

ಹೆಲ್ಮೆಟ್ ಹಿಡಿದು ಹೊರಗೆ ಬಂದ ಕೃತಿಕಾ ಅವನು ನೋಡುತ್ತಿರುವುದನ್ನು ಕಂಡಳು. ತಡವರಿಸಲಿಲ್ಲ. "ಟೆಸ್ಟ್ ಮುಗಿಯೋವರೆಗೂ ಬೀಗ ಇರ್ಲಿ ಅಂತ ಸಿದ್ಧಾರ್ಥ್ ಹೇಳಿದ್ರು ಮಾವ."

"ನೀನೇನಂದೆ?"

"ನಾನೂ ಸರಿ ಅಂದೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇವತ್ತಲ್ಲ ನಾಳೆ ಇಳಿಯುತ್ತದೆ ಅಂತ ಕಾಯಬಹುದಿತ್ತು. ಹನುಮಂತರಾಜುವಿನ ಎದೆ ಉರಿಯಿತು. ತಪ್ಪೇನೂ ಹೇಳಲಿಲ್ಲ ಅವಳು ಅನ್ನುವುದೂ ಅದೇ ಉರಿಯಲ್ಲಿ ಗೊತ್ತಾಯಿತು. "ಸರಿ ಕಣಮ್ಮ, ಹುಷಾರಾಗಿ ಹೋಗ್ಬುಟ್ ಬಾ," ಅಂದು ಗೇಟು ತೆಗೆದ. ಕೃತಿಕಾ ಬೀಗದ ಕೈಯನ್ನು ಬ್ಯಾಗಿನ ಒಳಜೇಬಿಗೆ ಹಾಕಿ, ಜಿಪ್ಪು ಎಳೆದುಕೊಂಡು ಬೈಕು ಹತ್ತಿದಳು.